ಪಿನಾಕಿನಿ ದಡದ ಬಂಡಿದಾರಿ: ಸೈಕಲ್‌ನವರು, ಹೊರೆ ಹೊತ್ತವರು, ಕುರಿ ಹಿಂಡು. ಭಾನುವಾರ ನಿಲ್ಲೋಕೆ ಯಾರು ಬರ್ತೀರಿ?

ಪಿನಾಕಿನಿ ಪೆಡಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಗೌರಿಬಿದನೂರು ಕಡೆಯವರಿಗೆ ಉತ್ತರ ಪಿನಾಕಿನಿ ದಡದ ಹಳೇ ಬಂಡಿದಾರಿಗಳು ಗೊತ್ತಿರುತ್ತವೆ. ನಮ್ಮೂರ ಹಿಂದೆ ಹಾದುಹೋಗುವ ತುಂಡು ನಾಲ್ಕು ಕಿಲೋಮೀಟರ್ ಇದ್ದೀತು. ಒಂದು ಕಡೆ ಹೊಂಗೆ ಮರ, ಇನ್ನೊಂದು ಕಡೆ ನದಿ. ನದಿ ಅಂದರೆ ವರ್ಷದಲ್ಲಿ ಹೆಚ್ಚು ದಿನ ಮರಳು, ಜೊಂಡು, ಬಳ್ಳಾರಿ ಜಾಲಿ ಅಷ್ಟೇ. ತುಂಬಿ ಹರಿಯೋದು ನೋಡಬೇಕು ಅಂದರೆ 2021ರ ನವೆಂಬರ್‌ನಂಥ ಮಳೆ ಬರಬೇಕು. ಆ ಸಲ ದಡ ಕೊಚ್ಚಿಕೊಂಡು ಹೋಗಿ, ದಾರಿ ಎರಡು ಕಡೆ ಅರ್ಧಕ್ಕರ್ಧ ಕಿರಿದಾಯಿತು. ಅಲ್ಲಿ ಒಂದು ಹಸು ಅಡ್ಡ ನಿಂತರೆ ಮುಗೀತು, ಪಕ್ಕದಲ್ಲಿ ಜಾಗ ಇಲ್ಲ.

ಈಗ ಎರಡು ವರ್ಷದಿಂದ ಈ ದಾರಿಗೆ ಭಾನುವಾರ ಸೈಕಲ್‌ನವರು ಬರುತ್ತಿದ್ದಾರೆ. ಮೊದಲು ನಾವು ಊರಿನ ನಾಲ್ಕು ಜನ. ಆಮೇಲೆ ಯಾರೋ ಫೋಟೋ ಹಾಕಿದರು, ಬೆಂಗಳೂರಿನ ಗುಂಪುಗಳೂ ಬರತೊಡಗಿದವು. ತಪ್ಪೇನಿಲ್ಲ, ದಾರಿ ಚೆನ್ನಾಗಿದೆ, ಬರಲಿ.

ಈಗ ನನ್ನ ಕಥೆ. ಹೋದ ತಿಂಗಳು ಬೆಳಗ್ಗೆ ಆರೂವರೆ. ನಾನು ಜೋರಾಗಿಯೇ ಬರುತ್ತಿದ್ದೆ. ಮುಂದೆ ಒಬ್ಬ ಅಜ್ಜಿ, ತಲೆ ಮೇಲೆ ಹಸಿ ಹುಲ್ಲಿನ ಹೊರೆ. ಹೊರೆ ಅಂದರೆ ಅಜ್ಜಿಗಿಂತ ಉದ್ದ, ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡಿತ್ತು. ಅವರು ದಾರಿಯ ಎಡಕ್ಕೇ ಹೋಗುತ್ತಿದ್ದರು, ಬಲಕ್ಕೆ ನನಗೆ ಬೇಕಾದಷ್ಟು ಜಾಗ ಇತ್ತು. ನಾನು ಒಳ್ಳೆಯವನ ಥರ ಬೆಲ್ ಹೊಡೆದೆ.

ತಲೆ ಮೇಲೆ ಹೊರೆ ಇದ್ದವರು ಕತ್ತು ತಿರುಗಿಸೋಕೆ ಆಗಲ್ಲ. ಇಡೀ ಮೈ ತಿರುಗಿಸಬೇಕು. ಅಜ್ಜಿ ತಿರುಗಿದರು. ಅವರ ಜೊತೆ ಹೊರೆಯೂ ತಿರುಗಿತು, ರೈಲ್ವೆ ಗೇಟ್ ಬಿದ್ದ ಹಾಗೆ ದಾರಿಗೆ ಅಡ್ಡ. ಹುಲ್ಲಿನ ತುದಿ ನನ್ನ ಎದೆಗೆ ಬಡಿಯಿತು. ಸೈಕಲ್ ಒಂದು ಕಡೆ, ನಾನು ಜಾಲಿ ಮುಳ್ಳಲ್ಲಿ. ಅಜ್ಜಿ ಬೀಳಲಿಲ್ಲ, ದೇವರು ದೊಡ್ಡವನು. ಹೊರೆ ಮಾತ್ರ ನದಿ ಇಳಿಜಾರಿಗೆ ಉರುಳಿತು.

ನಾನು ಎದ್ದು, "ಬೆಲ್ ಹೊಡೆದೆನಲ್ಲಮ್ಮಾ" ಅಂದೆ. ಅವರು ಅಂದದ್ದು: "ಗಂಟೆ ಹೊಡೆದ್ರೆ ಯಾರು ಅಂತ ತಿರುಗಿ ನೋಡ್ಬೇಡ್ವೇನಪ್ಪ?"

ಹದಿನೈದು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ. ಬೆಲ್ ಹೊಡೆದರೆ ಎದುರಿನವರು ಏನು ಮಾಡುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಭಾನುವಾರ ಬೆಳಗ್ಗೆ ಆರರಿಂದ ಎಂಟೂವರೆವರೆಗೆ ಆ ಎರಡು ಕಿರಿದಾದ ಜಾಗಗಳಲ್ಲಿ ಇಬ್ಬಿಬ್ಬರು ನಿಲ್ಲೋಣ ಅಂತ ಇದ್ದೇನೆ. ಪೊಲೀಸ್‌ಗಿರಿ ಅಲ್ಲ. ಬರುವ ಸೈಕಲ್‌ನವರಿಗೆ ನಿಧಾನ ಅಂತ ಹೇಳೋದು, ಪಂಚರ್ ಆದರೆ ಸಹಾಯ ಮಾಡೋದು, ಯಾರಾದರೂ ಬಿದ್ದರೆ ನೋಡಿಕೊಳ್ಳೋದು. ಯಾರು ಬರುತ್ತೀರಿ? ಬೇರೆ ಕಡೆ ಹೀಗೆ ಮಾಡಿದವರಿದ್ದರೆ ಹೇಗೆ ಮಾಡಿದಿರಿ ಅಂತ ಹೇಳಿ.

ನಂದಿ ಏರುವವನು

ನಾನು ಬೆಂಗಳೂರಿಂದ ಬರುವ ಗುಂಪಿನವನೇ. ಪೋಸ್ಟ್ ಚೆನ್ನಾಗಿದೆ, ಆದರೆ ಒಂದು ಮಾತು. ನಾವು ಈ ದಾರಿಗೆ ಬರೋದೇ ಹೈವೇಯಲ್ಲಿ ಲಾರಿ ಭಯ ಅಂತ. ನಂದಿ ರೋಡಲ್ಲಿ ಭಾನುವಾರ ಕಾರುಗಳ ಸಾಲು ನೋಡಿದ್ದೀರಲ್ಲ. ಇಲ್ಲೂ ಯಾರೋ ನಿಂತು "ನಿಧಾನ, ನಿಧಾನ" ಅಂದರೆ ನಾವು ಎಲ್ಲಿಗೆ ಹೋಗಬೇಕು? ಬೆಲ್ ಹೊಡೆಯಬೇಡಿ ಅಂದರೆ ಇನ್ನೇನು ಮಾಡಬೇಕು? ಹಿಂದಿನಿಂದ ಸುಮ್ನೆ ಹೋದರೆ ಇನ್ನೂ ಗಾಬರಿ ಆಗುತ್ತಾರೆ ಅಲ್ವಾ?

ಪಿನಾಕಿನಿ ಪೆಡಲ್

ಬೆಲ್ ಬೇಡ ಅನ್ನುತ್ತಿಲ್ಲ ಸಾರ್. ಹತ್ತಿರ ಬಂದು ಹೊಡೆಯಬೇಡಿ ಅಂತ. ದೂರದಿಂದ ಹೊಡೆಯಿರಿ, ಅವರು ತಿರುಗಿ ನೋಡಿ, ಪಕ್ಕಕ್ಕೆ ಸರಿದು ನಿಲ್ಲುವಷ್ಟು ಟೈಮ್ ಕೊಡಿ. ಅಲ್ಲಿವರೆಗೆ ಹಿಂದೆಯೇ ಇರಿ. ಇಲ್ಲ ಅಂದರೆ ಬಾಯಿಬಿಟ್ಟು "ಅಮ್ಮಾ, ಬಲಗಡೆ ಬರ್ತಿದ್ದೀನಿ" ಅನ್ನಿ. ಮನುಷ್ಯನ ದನಿ ಕೇಳಿದರೆ ಯಾರು, ಯಾವ ಕಡೆ ಅನ್ನೋದು ತಿರುಗದೇ ಗೊತ್ತಾಗುತ್ತದೆ. ಬೆಲ್‌ಗೆ ಆ ಬುದ್ಧಿ ಇಲ್ಲ.

ಮೇಷ್ಟ್ರು ರಿಟೈರ್ಡ್

ಲೆಕ್ಕ ಹೇಳುವುದು ನನ್ನ ಚಟ, ಕ್ಷಮಿಸಿ. ಗಂಟೆಗೆ 25 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 7 ಮೀಟರ್. ಕಣ್ಣಿಗೆ ಕಂಡು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು ಅಂದುಕೊಳ್ಳಿ. ಬ್ರೇಕ್ ಮುಟ್ಟುವ ಮೊದಲೇ ಎರಡು ಎತ್ತಿನಗಾಡಿ ಉದ್ದ ಮುಂದೆ ಹೋಗಿರುತ್ತೀರಿ. ಆಮೇಲೆ ಶುರು ನಿಲ್ಲಿಸುವ ಕೆಲಸ. ಅದೂ ಮರಳು ಮಣ್ಣಲ್ಲಿ, ಟೈರು ಜಾರುವ ಜಾಗದಲ್ಲಿ. ವೇಗ ಅರ್ಧ ಮಾಡಿದರೆ ಹೊಡೆತದ ಶಕ್ತಿ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹೈಸ್ಕೂಲಿನ ಪಾಠ. ಪರೀಕ್ಷೆಗೆ ಬರೆದು ಎಲ್ಲರೂ ಮರೆತಿರುತ್ತೀರಿ.

ಇನ್ನೊಂದು ವಿಷಯ. ಬೆಂಗಳೂರಿನವರು ಈ ನದಿ ಪಕ್ಕ ಹೋಗುವಾಗ ವಿದುರಾಶ್ವತ್ಥದಲ್ಲಿ ಸ್ವಲ್ಪ ಹೊತ್ತು ಇಳಿಯಬೇಕು ಅಂತ ನನ್ನ ಆಸೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ಮಾರಕ ಇದೆ, ಸಾಲು ಸಾಲು ನಾಗರಕಲ್ಲುಗಳಿವೆ. ಎಷ್ಟೋ ಜನ ಅದರ ಪಕ್ಕದಲ್ಲೇ ಗಡಿಯಾರ ನೋಡಿಕೊಂಡು ಹೋಗುತ್ತಾರೆ.

ಪಿನಾಕಿನಿ ಪೆಡಲ್

ಮೇಷ್ಟ್ರೇ, ನೀವು ಭಾನುವಾರ ಬಂದು ನಿಂತರೆ ಸಾಕು. ನಿಮ್ಮ ಮುಖ ನೋಡಿದರೆ ಅರ್ಧ ಊರು ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತದೆ.

ಕುರಿಹಟ್ಟಿ

ನಮ್ಮದು ಕುರಿ ಸಾಕುವ ಮನೆ. ಅಪ್ಪ ಇವತ್ತಿಗೂ ಇದೇ ದಾರಿಯಲ್ಲಿ ಅರವತ್ತು ಕುರಿ ಹೊಡೆದುಕೊಂಡು ಹೋಗುತ್ತಾರೆ. ಸೈಕಲ್‌ನವರಿಗೆ ಒಂದು ವಿಷಯ ಹೇಳಬೇಕು, ಯಾರೂ ಹೇಳಿರಲ್ಲ.

ಕುರಿಗೆ ಸುತ್ತ ಚೆನ್ನಾಗಿ ಕಾಣುತ್ತದೆ, ಕಣ್ಣು ಪಕ್ಕಕ್ಕಿರೋದರಿಂದ. ನೇರ ಬೆನ್ನ ಹಿಂದೆ ಮಾತ್ರ ಕಾಣಲ್ಲ. ಅದಕ್ಕೆ ಹಿಂದಿನಿಂದ ಏನಾದರೂ ಸದ್ದು ಬಂದರೆ ಪಕ್ಕಕ್ಕೆ ಸರಿಯೋದಿಲ್ಲ, ಮುಂದಕ್ಕೆ ಓಡುತ್ತದೆ. ಒಂದು ಓಡಿದರೆ ಅರವತ್ತೂ ಓಡುತ್ತವೆ. ನೀವು ಇನ್ನೊಂದು ಸಲ ಬೆಲ್ ಹೊಡೆದರೆ ಇನ್ನೂ ಜೋರಾಗಿ. ಹೋದ ವರ್ಷ ಹೀಗೇ ಓಡಿ ಎರಡು ಮರಿ ಕೊರಕಲಿಗೆ ಬಿದ್ದವು. ಒಂದರ ಕಾಲು ಮುರಿಯಿತು. ಸೈಕಲ್‌ನವರು ನಿಲ್ಲಲೂ ಇಲ್ಲ, ಅವರಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ಏನು ಮಾಡಬೇಕು ಅಂದರೆ: ಹಿಂಡು ಕಂಡರೆ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಇಡಿ. ಕಾಯುವವರಿಗೆ ಒಂದು ಕೂಗು ಹಾಕಿ. ಅಪ್ಪ "ಹೋಯ್" ಅಂದು ಕೋಲು ಅಡ್ಡ ಹಿಡಿದರೆ ಹಿಂಡು ತಾನೇ ಒಂದು ಕಡೆಗೆ ಒತ್ತುತ್ತದೆ. ಎರಡು ನಿಮಿಷದ ಕೆಲಸ. ಎದುರಿಂದ ಬಂದರೆ ಇನ್ನೂ ಸುಲಭ, ಸುಮ್ನೆ ನಿಂತುಕೊಳ್ಳಿ, ನೀರು ಹರಿದ ಹಾಗೆ ನಿಮ್ಮ ಎರಡೂ ಕಡೆ ಹೋಗುತ್ತವೆ. ನಮ್ಮ ಟಗರು ಮಾತ್ರ ಒಂದು ಸಲ ನಿಮ್ಮನ್ನು ಮೂಸಿ ನೋಡುತ್ತದೆ, ಹೆದರಬೇಡಿ.

ನಂದಿ ಏರುವವನು

ಇದು ನಿಜವಾಗಲೂ ಗೊತ್ತಿರಲಿಲ್ಲ. ಮರಿ ವಿಷಯ ಕೇಳಿ ಬೇಜಾರಾಯಿತು. ನಮ್ಮ ಗುಂಪಿನವರೇ ಇರಬಹುದು, ಇಲ್ಲ ಅನ್ನೋಕೆ ನನ್ನ ಹತ್ತಿರ ಏನೂ ಇಲ್ಲ. ನಿಮ್ಮ ಪೋಸ್ಟ್ ನಮ್ಮ ಗುಂಪಿಗೆ ಹಾಕುತ್ತೇನೆ.

ರೇಷ್ಮೆ ಗೂಡು

ಎಲ್ಲಾ ಸರಿ. ನಾನು ದಿನಾ ಟಿವಿಎಸ್‌ನಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹಾಕಿಕೊಂಡು ಅದೇ ದಾರಿಯಲ್ಲಿ ಹೋಗುವವನು. ರೇಷ್ಮೆ ಹುಳ ಕೊನೇ ಜ್ವರಕ್ಕೆ, ಅಂದರೆ ಕೊನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಸೊಪ್ಪು ಒಂದು ಗಂಟೆ ತಡ ಆದರೂ ಆಗಲ್ಲ. ನಾಳೆ ನೀವು ಜಾಕೆಟ್ ಹಾಕಿಕೊಂಡು ನಿಂತು "ಗಾಡಿ ಬಿಡಲ್ಲ, ಇದು ಸೈಕಲ್ ಟ್ರ್ಯಾಕ್" ಅಂದರೆ ಜಗಳ ಆಗುತ್ತೆ, ಈಗಲೇ ಹೇಳಿದ್ದೇನೆ. ಪಟ್ಟಣದಲ್ಲಿ ನೋಡಿದ್ದೇನೆ. ಮೊದಲು ಸ್ವಯಂಸೇವಕ ಅಂತಾರೆ, ಆಮೇಲೆ ಕೊರಳಿಗೆ ಸೀಟಿ ಬರುತ್ತೆ, ಆಮೇಲೆ ಸಂಘ, ಆಮೇಲೆ ಬೋರ್ಡು, ಕೊನೆಗೆ ರೈತನೇ ಹೊರಗಿನವನು.

ಹೊಂಗೆ ನೆರಳು

ಗೂಡು ಅಣ್ಣನ ಮಾತು ನೂರಕ್ಕೆ ನೂರು ಸರಿ. ಅಷ್ಟಕ್ಕೂ ಇದೆಲ್ಲಾ ಪಂಚಾಯಿತಿ ಕೆಲಸ ಅಲ್ವಾ? ನಾವು ಯಾಕೆ ನಿಲ್ಲಬೇಕು? ದಾರಿಗೆ ಎರಡು ಕಡೆ ಹಂಪ್ ಹಾಕಿಸಿದರೆ ಮುಗೀತು. ನಮ್ಮ ಟ್ರಾಕ್ಟರ್ ಇದೆ, ಎರಡು ಲೋಡ್ ಮಣ್ಣು ನಾನೇ ಸುರಿಸುತ್ತೇನೆ.

ಪಿನಾಕಿನಿ ಪೆಡಲ್

ಗೂಡು ಅಣ್ಣಾ, ಸೀಟಿ ಇರಲ್ಲ. ಜಾಕೆಟ್ ಹಾಕುವುದು ಮಂಜಲ್ಲಿ ಕಾಣಲಿ ಅಂತ ಮಾತ್ರ. ಗಾಡಿ ತಡೆಯುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ, ಕೇಳುವುದೂ ಇಲ್ಲ. ಸೊಪ್ಪು ಬಂದರೆ ದಾರಿ ಬಿಡಿಸೋದು ನಮ್ಮ ಕೆಲಸ, ತಡೆಯೋದಲ್ಲ.

ಹೊಂಗೆ ನೆರಳು, ಹಂಪ್ ಮಾತ್ರ ಬೇಡಪ್ಪಾ. ದೀಪ ಇಲ್ಲದ ದಾರಿ. ರಾತ್ರಿ ಹಾಲು ಹಾಕಿ ಬರುವವರು ಹಂಪ್ ಕಾಣದೆ ಎಗರಿಬಿದ್ದರೆ? ಮೊದಲ ಮಳೆಗೆ ಆ ಮಣ್ಣು ಕರಗಿ, ನೀರು ಅದರ ಪಕ್ಕ ದಾರಿ ಹುಡುಕಿಕೊಂಡು ಇನ್ನೊಂದು ಕೊರಕಲು ಮಾಡುತ್ತದೆ. ನಿನ್ನ ಮಣ್ಣನ್ನು ಆ ಕಿತ್ತುಹೋದ ಅಂಚಿಗೆ ಹಾಕೋಕೆ ಪಂಚಾಯಿತಿಯವರನ್ನು ಕೇಳೋಣ. ಅರ್ಜಿ ನಾನು ಬರೆಯುತ್ತೇನೆ.

ಕೋಲಾರದ ಹುಡುಗಿ

ನನ್ನ ಅಕ್ಕ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಇದ್ದಾಳೆ. ನಾನು ಅಲ್ಲಿ ಮೂರು ತಿಂಗಳು ಇದ್ದಾಗ ಅಮೆರಿಕನ್ ರಿವರ್ ಅನ್ನೋ ನದಿ ಪಕ್ಕದ ಸೈಕಲ್ ದಾರಿಯಲ್ಲಿ ದಿನಾ ವಾಕ್ ಹೋಗುತ್ತಿದ್ದೆ. 32 ಮೈಲಿ ಉದ್ದ, ಅಂದರೆ ಹತ್ತಿರ ಹತ್ತಿರ 51 ಕಿಲೋಮೀಟರ್. ವೇಗದ ಮಿತಿ ಗಂಟೆಗೆ 15 ಮೈಲಿ, ನಮ್ಮ ಲೆಕ್ಕದಲ್ಲಿ 24 ಕಿಲೋಮೀಟರ್. ಅದು ಡಾಂಬರು ದಾರಿ, ಮಧ್ಯೆ ಗೆರೆ ಬೇರೆ ಇದೆ.

ಅಲ್ಲಿ ಸ್ವಯಂಸೇವಕರು ಸೈಕಲ್ ಮೇಲೇ ಸುತ್ತುತ್ತಾರೆ. ದಂಡ ಹಾಕುವ ಅಧಿಕಾರ ಅವರಿಗಿಲ್ಲ, ಅದು ರೇಂಜರ್‌ಗಳ ಕೆಲಸ. ಇವರು ಪಂಚರ್ ಹಾಕಿಕೊಡುತ್ತಾರೆ, ಬಿದ್ದವರಿಗೆ ಪ್ರಥಮ ಚಿಕಿತ್ಸೆ ಮಾಡುತ್ತಾರೆ, ನಿಯಮ ಗೊತ್ತಿಲ್ಲದವರಿಗೆ ನಗುತ್ತಾ ಹೇಳುತ್ತಾರೆ. ನನಗೂ ಹೇಳಿಸಿಕೊಳ್ಳುವ ಭಾಗ್ಯ ಸಿಕ್ಕಿತ್ತು! ಯಾಕೆ ಅಂದರೆ ಅಲ್ಲಿ ನಡೆಯುವವರು ಎಡಗಡೆ ಅಂಚಿನ ಮಣ್ಣಲ್ಲಿ ನಡೆಯಬೇಕು. ಸೈಕಲ್‌ಗಳು ಬಲಕ್ಕೆ. ಅಂದರೆ ನಿಮ್ಮ ಪಕ್ಕದ ಸೈಕಲ್ ಎದುರಿನಿಂದ ಬರುತ್ತದೆ, ಬೆನ್ನ ಹಿಂದಿನಿಂದಲ್ಲ. ನಾನು ಮೊದಲ ದಿನ ತಪ್ಪು ಕಡೆ ಹೋಗುತ್ತಿದ್ದೆ.

ಇದನ್ನೇ ನಮ್ಮ ಕಡೆಗೆ ತಿರುಗಿಸಿದರೆ? ನಮ್ಮಲ್ಲಿ ಗಾಡಿಗಳೆಲ್ಲಾ ಎಡಕ್ಕೆ. ಹಾಗಾದರೆ ನಡೆಯುವವರು ಬಲಕ್ಕೆ ನಡೆದರೆ ಬರುವವರ ಮುಖ ಕಾಣುತ್ತದೆ. ಅಜ್ಜಿ ತಿರುಗುವ ಪ್ರಶ್ನೆಯೇ ಬರಲ್ಲ.

ಕುರಿಹಟ್ಟಿ

ಅಕ್ಕಾ, ಐಡಿಯಾ ಚೆನ್ನಾಗಿದೆ. ಆದರೆ ನಮ್ಮ ದಾರಿಯಲ್ಲಿ ಹೋಗುವಾಗ ಬಲಗಡೆ ನದಿ, ಅದೂ ಕಿತ್ತುಹೋಗಿರುವ ಅಂಚು. ಹೊರೆ ಹೊತ್ತವರನ್ನು ಆ ಕಡೆ ನಡೆಯಿರಿ ಅನ್ನೋಕೆ ಧೈರ್ಯ ಬರಲ್ಲ. ಅವರು ಹೊಂಗೆ ಮರದ ಕಡೆಯೇ ನಡೀತಾರೆ. ನೆರಳು, ಒರಗೋಕೆ ಮರ, ಎಲ್ಲಾ ಅಲ್ಲೇ.

ಕೋಲಾರದ ಹುಡುಗಿ

ಅಯ್ಯೋ ಹೌದಲ್ವಾ. ಹಾಗಾದರೆ ಮರದ ಕಡೆ ನಡೆಯುವವರಿಗೆ, ಎಲ್ಲಿಗೇ ಹೋಗುತ್ತಿರಲಿ. ಜಾಗ ಹುಡುಕಿಕೊಳ್ಳುವ ಕಷ್ಟ ಸೈಕಲ್‌ನವರದ್ದು.

ಅಮಾನಿಕೆರೆ ವಾಕರ್

ತುಮಕೂರಿನಿಂದ. ನಮ್ಮ ಅಮಾನಿಕೆರೆ ಸುತ್ತ ವಾಕ್ ಮಾಡುವವನ ಅನುಭವ ಹೇಳುತ್ತೇನೆ. ಬರೀ ಸೈಕಲ್‌ನವರನ್ನು ಬೈಯಬೇಡಿ. ನಾವು ನಡೆಯುವವರೂ ಕಮ್ಮಿ ಇಲ್ಲ. ನಾಲ್ಕು ಜನ ಸಾಲಾಗಿ, ಮದುವೆ ಮೆರವಣಿಗೆ ಥರ. ಕಿವಿಗೆ ಇಯರ್‌ಫೋನ್. ಹಿಂದಿನವರು ಕೂಗಿದರೂ ಕೇಳಲ್ಲ, ಕೇಳಿದರೂ ಮುಖ ಗಂಟು. ನಾನೂ ಅದರಲ್ಲಿ ಒಬ್ಬ, ಒಪ್ಪಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಯ ಚರ್ಚೆ ಅರ್ಧಕ್ಕೆ ಬಿಡೋಕೆ ಆಗಲ್ಲ ನೋಡಿ.

ಮತ್ತೆ ನಾಯಿ. ನಾಯಿ ಬಗ್ಗೆ ಯಾರೂ ಮಾತಾಡಿಲ್ಲ ಯಾಕೆ?

ನೈಟ್ ಡ್ಯೂಟಿ

ನಾನು ನರ್ಸ್. ನಾಯಿಗೂ ಉತ್ತರ, ಬೀಳೋದಕ್ಕೂ ಉತ್ತರ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ಪೆಡಲ್ ಮಾಡಬೇಡಿ. ಓಡುವುದನ್ನು ಕಂಡರೆ ಅದಕ್ಕೆ ಹುರುಪು ಜಾಸ್ತಿ. ಇಳಿದು, ಸೈಕಲ್ ಮಧ್ಯೆ ಇಟ್ಟುಕೊಂಡು ನಿಧಾನಕ್ಕೆ ನಡೆಯಿರಿ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಕಚ್ಚಿದರೆ, ಸಣ್ಣ ಗೀರೇ ಆಗಿರಲಿ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15 ನಿಮಿಷ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ನಾಳೆ ನೋಡೋಣ ಅನ್ನಬೇಡಿ.

ಬಿದ್ದವರ ವಿಷಯ. ತಲೆಗೋ ಕತ್ತಿಗೋ ಪೆಟ್ಟಾಗಿರಬಹುದು ಅನ್ನಿಸಿದರೆ ರಟ್ಟೆ ಹಿಡಿದು ಎತ್ತಿ ಕೂರಿಸಬೇಡಿ. ನಮ್ಮ ಜನ ಮೊದಲು ಮಾಡುವ ಕೆಲಸ ಅದೇ, ಎರಡನೇದು ಬಾಯಿಗೆ ನೀರು. ಎರಡೂ ತಪ್ಪು. ಉಸಿರಾಟ ಸರಿ ಇದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ. ಅಲುಗಾಡದಂತೆ ಇದ್ದ ಹಾಗೇ ಮಲಗಿರಲು ಬಿಡಿ, 108ಕ್ಕೆ ಫೋನ್ ಮಾಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ.

ಈಗ ನನ್ನ ಪ್ರಶ್ನೆ. 108ಕ್ಕೆ ಎಲ್ಲಿ ಅಂತ ಹೇಳುತ್ತೀರಿ? "ನದಿ ಪಕ್ಕ, ಹೊಂಗೆ ಮರದ ಹತ್ತಿರ" ಅಂದರೆ ಡ್ರೈವರ್‌ಗೆ ಏನು ಗೊತ್ತಾಗುತ್ತೆ?

ಪಿನಾಕಿನಿ ಪೆಡಲ್

ಇದನ್ನು ಯಾರೂ ಯೋಚನೆ ಮಾಡಿರಲಿಲ್ಲ. ಥ್ಯಾಂಕ್ಸ್ ಅಕ್ಕ.

ರೇಷ್ಮೆ ಗೂಡು

ದಾರಿ ಉದ್ದಕ್ಕೂ ತೋಟದ ಬೇಲಿಗೆ ಕಲ್ಲುಕಂಬ ನೆಟ್ಟಿದ್ದೀವಲ್ಲ. ಇಷ್ಟಿಷ್ಟು ದೂರಕ್ಕೆ ಒಂದು ಕಂಬಕ್ಕೆ ನಂಬರ್ ಬರೆಯಿರಿ. ಯಾವ ನಂಬರ್‌ಗೆ ಟಾರ್ ರೋಡಿಂದ ಯಾವ ಅಡ್ಡದಾರಿ ಅಂತ ಒಂದು ಚೀಟಿ ಮಾಡಿ ಡೇರಿ ಗೋಡೆಗೆ ಅಂಟಿಸಿ. ನನ್ನ ಕಂಬಗಳಿಗೆ ನಾನು ಬೇಡ ಅನ್ನಲ್ಲ. ಪಕ್ಕದ ತೋಟದವನನ್ನೂ ಕೇಳುತ್ತೇನೆ. ಅವನಿಗೂ ನನಗೂ ಬದು ವಿಚಾರಕ್ಕೆ ಮಾತಿಲ್ಲ, ಆದರೂ ಕೇಳಿಸುತ್ತೇನೆ.

ಸೂಜಿಮಲ್ಲಿಗೆ

ನಾನು ದಿನಾ ಅದೇ ದಾರಿಯಲ್ಲಿ ಡೇರಿಗೆ ಹಾಲು ತಗೊಂಡು ಹೋಗುವವಳು. ನಿಮ್ಮ ಟೈಮ್ ನೋಡಿದರೆ ನಗು ಬರುತ್ತೆ. ಆರರಿಂದ ಏಳು ಡೇರಿ ಟೈಮ್. ಹೆಂಗಸರೆಲ್ಲಾ ಕ್ಯಾನ್ ಹಿಡಿದು ಹೋಗೋದು ಆಗಲೇ. ತಡವಾದರೆ ಡೇರಿ ಬಾಗಿಲು ಹಾಕುತ್ತೆ, ಹಾಲು ವಾಪಸ್ ಮನೆಗೆ. ಸೈಕಲ್‌ನವರಿಗೆ ನಿಧಾನ ಹೋಗಿ ಅನ್ನೋದಕ್ಕಿಂತ, ಏಳೂಕಾಲಿನ ಮೇಲೆ ಬನ್ನಿ ಅನ್ನಬಹುದಲ್ವಾ? ಅಷ್ಟು ಹೊತ್ತು ವಿದುರಾಶ್ವತ್ಥದಲ್ಲಿ ಕಾಫಿ ಕುಡಿಯಲಿ.

ಮತ್ತೆ, ನಿಲ್ಲುವವರಲ್ಲಿ ಒಬ್ಬರಾದರೂ ಹೆಂಗಸರು ಇರಲಿ. ನಾಲ್ಕು ಗಂಡಸರು ಬೆಳಗಿನ ಕತ್ತಲಲ್ಲಿ ಜಾಕೆಟ್ ಹಾಕಿಕೊಂಡು ದಾರಿ ಮಧ್ಯೆ ನಿಂತಿದ್ದರೆ ನಮಗೆ ಧೈರ್ಯ ಬರಲ್ಲ, ಭಯ ಆಗುತ್ತೆ.

ನಂದಿ ಏರುವವನು

ಟೈಮ್ ಬದಲಾಯಿಸೋದು ನಮ್ಮ ಕೈಯಲ್ಲಿದೆ. ನಾವು ವಿದುರಾಶ್ವತ್ಥದ ಕಡೆಯಿಂದ ಸುತ್ತು ಶುರು ಮಾಡಿದರೆ ನಿಮ್ಮೂರಿಗೆ ಬರುವಾಗ ಏಳೂವರೆ ಆಗುತ್ತದೆ. ಮೇಷ್ಟ್ರು ಹೇಳಿದ ಸ್ಮಾರಕವನ್ನೂ ನೋಡಿದ ಹಾಗಾಯಿತು. ಗುಂಪಿನ ವೇಗದ ಲೆಕ್ಕ ಹಾಕುವ ಆಪ್ ಇದೆಯಲ್ಲ, ಅದರಲ್ಲಿ ಈ ನಾಲ್ಕು ಕಿಲೋಮೀಟರ್‌ಗೆ ಯಾರೋ ರೇಸ್ ತುಂಡು ಮಾಡಿಟ್ಟಿದ್ದಾರೆ. ಯಾರು ಮೊದಲು ಅಂತ ಪೈಪೋಟಿ ಅದರಿಂದಲೇ. ಅದನ್ನು ಅಪಾಯ ಅಂತ ಗುರುತು ಹಾಕಿಸುತ್ತೇನೆ.

ಹೊಂಗೆ ನೆರಳು

ರೇಸಾ? ನಮ್ಮ ಬಂಡಿದಾರಿಯಲ್ಲಾ? ಅಯ್ಯೋ ಶಿವನೇ.

ಪಿನಾಕಿನಿ ಪೆಡಲ್

ಮೂರು ಭಾನುವಾರ ಆಯಿತು. ಏನೇನು ಆಯಿತು ಹೇಳುತ್ತೇನೆ.

ಮೊದಲ ವಾರ ನಾವು ಮೂರೇ ಜನ. ಮೇಷ್ಟ್ರು ಬಂದಿದ್ದರು, ಕೊಡೆ ಹಿಡಿದು. ಸೈಕಲ್‌ನವರು ಹನ್ನೊಂದು ಜನ. ಇಬ್ಬರು ಕೈ ಬೀಸಿ ಹಾಗೇ ಹೋದರು, ಉಳಿದವರು ನಿಂತು ಕೇಳಿಸಿಕೊಂಡರು. ಜಾಲಿ ಮುಳ್ಳಿಗೆ ನಾಲ್ಕು ಪಂಚರ್. ಪಂಚರ್ ಹಾಕುವ ಹತ್ತು ನಿಮಿಷದಲ್ಲಿ ಹೇಳಿದ ಮಾತು ಯಾವ ಬೋರ್ಡಿಗಿಂತಲೂ ಚೆನ್ನಾಗಿ ಒಳಗೆ ಹೋಗುತ್ತದೆ ಅಂತ ಗೊತ್ತಾಯಿತು. ಅವರಿಗೆ ಓಡಿಹೋಗೋಕೆ ಆಗಲ್ಲ ನೋಡಿ.

ಎರಡನೇ ವಾರ ಸೂಜಿಮಲ್ಲಿಗೆ ಅಕ್ಕ, ಅವರ ನಾದಿನಿ ಇಬ್ಬರೂ ಬಂದರು. ಕಂಬಗಳಿಗೆ 1ರಿಂದ 9ರವರೆಗೆ ನಂಬರ್ ಬಿತ್ತು. ಬರಹದ ಬೋರ್ಡು ಬೇಡ ಅಂತ ತೀರ್ಮಾನ ಆಯಿತು. ನಮ್ಮ ಕಡೆ ಅರ್ಧ ಜನ ತೆಲುಗು ಮಾತಾಡುತ್ತಾರೆ, ಬೆಂಗಳೂರಿನವರಲ್ಲಿ ಎಷ್ಟೋ ಜನಕ್ಕೆ ಕನ್ನಡ ಓದೋಕೆ ಬರಲ್ಲ. ಹಾಗಾಗಿ ಕುರಿಹಟ್ಟಿ ಒಂದು ಚಿತ್ರ ಬರೆದ: ಒಂದು ಕುರಿ, ಪಕ್ಕದಲ್ಲಿ ಒಂದು ಸೈಕಲ್, ನೆಲಕ್ಕೆ ಊರಿದ ಒಂದು ಕಾಲು. ಕುರಿ ನಾಯಿ ಥರ ಕಾಣುತ್ತದೆ ಅಂತ ಮೇಷ್ಟ್ರು ಅಂದರು. ಬಾಲ ತಿದ್ದಿದ.

ನನ್ನನ್ನು ಬೀಳಿಸಿದ ಅಜ್ಜಿ, ಅಲ್ಲ, ಇನ್ನೇನು ನಾನು ಬೀಳಿಸಿಬಿಡುತ್ತಿದ್ದ ಅಜ್ಜಿ, ಮೂರನೇ ವಾರ ಸಿಕ್ಕರು. ಐದನೇ ಕಂಬದ ಹತ್ತಿರ ಹುಲ್ಲು ಕೊಯ್ದು ಕಟ್ಟಿ, ಹೊರೆ ಪಕ್ಕ ಸುಮ್ನೆ ಕೂತಿದ್ದರು. ಯಾಕಮ್ಮಾ ಅಂದೆ. ಎತ್ತಿಕೊಡೋಕೆ ಯಾರಾದ್ರೂ ಬರ್ತಾರಾ ಅಂತ ಕಾಯ್ತಿದ್ದೀನಿ ಅಂದರು. ಹೊರೆ ಹೊರಬಹುದು, ಒಬ್ಬರೇ ತಲೆಗೆ ಎತ್ತಿಕೊಳ್ಳೋಕೆ ಆಗಲ್ಲ. ಸಿಂಬಿ ಸರಿ ಮಾಡಿಕೊಂಡು ಬಗ್ಗಿದರು, ನಾನೂ ಒಬ್ಬ ಬೆಂಗಳೂರಿನ ಸೈಕಲ್ ಹುಡುಗನೂ ಎರಡು ಕಡೆ ಹಿಡಿದು ಎತ್ತಿದೆವು. ಅವನಿಗೆ ಭಾರ ನೋಡಿ ಗಾಬರಿ. "ಇದನ್ನ ಹೊತ್ಕೊಂಡು ಎಷ್ಟು ದೂರ ಹೋಗ್ತೀರಿ?" ಅಂತ ಕೇಳಿದ. ಅಜ್ಜಿ "ಮನೆವರೆಗೆ" ಅಂದು ಹೊರಟರು. ಆವತ್ತಿನಿಂದ ಹೊರೆ ಎತ್ತಿಕೊಡೋದೂ ನಮ್ಮ ಡ್ಯೂಟಿಗೆ ಸೇರಿದೆ. ಒಟ್ಟು ಆರು ಹೊರೆ ಆಯಿತು ಆವತ್ತು.

ಅರ್ಜಿ ಕೊಟ್ಟಾಗಿದೆ. ನೋಡೋಣ ಅಂದಿದ್ದಾರೆ.

ಈ ಭಾನುವಾರ ನಾನು ಊರಲ್ಲಿ ಇರಲ್ಲ, ಮದುವೆಗೆ ಹೋಗಬೇಕು. ಎರಡನೇ ಕಿರಿದಾದ ಜಾಗಕ್ಕೆ ಒಬ್ಬರು ಬೇಕು. ಪಂಪ್ ಇದ್ದವರು ತನ್ನಿ. ನನ್ನ ಪಂಪ್ ಬೆಂಗಳೂರಿನವರ ಸಣ್ಣ ವಾಲ್ವ್‌ಗೆ ಕೂರಲ್ಲ.

ರೇಷ್ಮೆ ಗೂಡು

ನಾನು ನಿಲ್ಲುತ್ತೇನೆ. ಏಳಕ್ಕೆ ಸೊಪ್ಪು ಹಾಕಿ ಬರುತ್ತೇನೆ. ಜಾಕೆಟ್ ಬೇಡ, ಟವೆಲ್ ಸಾಕು.

ನಂದಿ ಏರುವವನು

ಎರಡೂ ವಾಲ್ವ್‌ಗೆ ಕೂರುವ ಪಂಪ್ ನನ್ನ ಹತ್ತಿರ ಇದೆ. ತಂದು ಡೇರಿಯಲ್ಲಿ ಇಟ್ಟು ಹೋಗುತ್ತೇನೆ.